ಸಮುದ್ರವಿಲ್ಲದ ನಾಡಿಗೆ ಹಡಗಿನಾಟ

ಹಡಗಿನಾಟಕ್ಕೆ ಬೇಕಾಗುವ ಸಾಮಾನು ಎರಡು ಚೌಕುಳಿ ಹಾಳೆ, ಎರಡು ಪೆನ್ಸಿಲು ಮತ್ತು ಎದುರಾಳಿಯ ಮಾತಿನ ಮೇಲಿನ ನಂಬಿಕೆ. ಹಾಳೆಯ ಮೇಲೆ ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು, ಒಟ್ಟು ನೂರು ಮನೆಗಳ ಕಡಲು. ಅದರಲ್ಲಿ ಒಬ್ಬೊಬ್ಬರೂ ಐದು ಹಡಗುಗಳನ್ನು ಅಡಗಿಸಿಡುತ್ತಾರೆ. ಐದು ಮನೆ ಉದ್ದದ್ದೊಂದು, ನಾಲ್ಕು ಮನೆಯದ್ದೊಂದು, ಮೂರು ಮನೆಯವು ಎರಡು, ಎರಡು ಮನೆಯದ್ದೊಂದು. ಹೀಗೆ ನೂರರಲ್ಲಿ 17 ಮನೆ ತುಂಬಿರುತ್ತವೆ, 83 ಖಾಲಿ ಇರುತ್ತವೆ. ಒಬ್ಬರು ಒಂದು ಮನೆಯ ಗುರುತು ಕೂಗುತ್ತಾರೆ, ಇನ್ನೊಬ್ಬರು ಬಡಿಯಿತೋ ಇಲ್ಲವೋ ಹೇಳುತ್ತಾರೆ. ಎದುರಿನವರ ಹಡಗುಗಳನ್ನೆಲ್ಲ ಮೊದಲು ಮುಳುಗಿಸಿದವರು ಗೆದ್ದಂತೆ.

ಈ ಆಟವನ್ನು ಪಾಶ್ಚಾತ್ಯ ದೇಶಗಳಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಕಾಗದದ ಮೇಲೆ ಆಡುತ್ತಿದ್ದರು. 1931ರಲ್ಲಿ ಅಮೆರಿಕದಲ್ಲಿ ಅದು ‘ಸಾಲ್ವೋ’ ಎಂಬ ಹೆಸರಿನಲ್ಲಿ ಅಚ್ಚಾದ ಹಾಳೆಗಳ ಪುಸ್ತಕವಾಗಿ ಮಾರಾಟಕ್ಕೆ ಬಂತು. 1967ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಪ್ಲಾಸ್ಟಿಕ್ ಹಲಗೆ, ಮೊಳೆಗಳ ರೂಪ ಕೊಟ್ಟಿತು. ಅದೇ ಕಂಪನಿ 1977ರಲ್ಲಿ ಸದ್ದು ಮಾಡುವ ವಿದ್ಯುನ್ಮಾನ ಆವೃತ್ತಿಯನ್ನೂ ತಂದಿತು.

ಈ ಆಟವನ್ನು ನಾವಿಲ್ಲಿ ತರಹೊರಟಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಕಡಲಿಲ್ಲ. ಇರುವುದು ಕಣಕುಂಬಿಯಲ್ಲಿ ಹುಟ್ಟಿ ಈ ಸೀಮೆಯನ್ನು ಹಾಯ್ದು ಹೋಗುವ ಮಲಪ್ರಭೆ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ರೇಣುಕಾಸಾಗರ. ಆದರೆ ಅಡಗಿಸಿ ಊಹಿಸುವ ಆಟ ಇಲ್ಲಿಗೆ ಹೊಸದೇನೂ ಆಗಲಾರದು. ಮರಳನ್ನು ಉದ್ದಕ್ಕೆ ದಿಬ್ಬ ಮಾಡಿ, ಬೆರಳಿನಲ್ಲಿ ಕೊರೆಯುತ್ತ ಒಂದು ಕಡ್ಡಿಯನ್ನು ಒಳಗೆಲ್ಲೋ ಬಿಟ್ಟು, ಎದುರಿನವರು ಎರಡೂ ಅಂಗೈ ಹೆಣೆದು ಒಂದು ಜಾಗ ಮುಚ್ಚಿ ‘ಇಲ್ಲೇ ಐತಿ’ ಎನ್ನುವ ಆಟವನ್ನು ಕರ್ನಾಟಕದ ಮಕ್ಕಳು ಎಲ್ಲ ಕಡೆ ಆಡಿದ್ದಾರೆ. ಚೌಕಾಬಾರ ಆಡಿದವರಿಗೆ ಮನೆಗಳ ಲೆಕ್ಕವನ್ನೂ ಕಲಿಸಿಕೊಡಬೇಕಾಗಿಲ್ಲ. ಮರಳಿನ ಆಟದ ಗುಟ್ಟನ್ನು ಚೌಕಾಬಾರದ ಮನೆಗಳಿಗೆ ತಂದರೆ ಹಡಗಿನಾಟದ ಬಹುಭಾಗ ಸಿದ್ಧವಾಗುತ್ತದೆ.

ಕಂಪ್ಯೂಟರಿಗೆ ಈ ಆಟ ಬಹಳ ಬೇಗ ಬಂತು. ಡೇವಿಡ್ ಆಲ್ ಎಂಬವರು 1973ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಮೂಲಕ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನೂರೊಂದು ಆಟಗಳ ಪುಸ್ತಕ ತಂದರು. 1978ರಲ್ಲಿ ಅದನ್ನು ಮನೆಯ ಸಣ್ಣ ಕಂಪ್ಯೂಟರುಗಳಿಗಾಗಿ ತಿದ್ದಿ ಮತ್ತೆ ಪ್ರಕಟಿಸಿದರು. ಅದರಲ್ಲಿ ಹಡಗಿನಾಟದ ಎರಡು ಬಗೆಗಳಿವೆ, ‘ಬ್ಯಾಟಲ್’ ಮತ್ತು ‘ಸಾಲ್ವೋ’. ಸಾಲ್ವೋದಲ್ಲಿ ನಾಲ್ಕೇ ಹಡಗು: ಐದು ಮನೆಯದ್ದೊಂದು, ಮೂರರದ್ದೊಂದು, ಎರಡು ಮನೆಯವು ಎರಡು. ದೊಡ್ಡ ಹಡಗಿಗೆ ಮೂರು ಗುಂಡು, ನಡುವಿನದಕ್ಕೆ ಎರಡು, ಸಣ್ಣವಕ್ಕೆ ಒಂದೊಂದು, ಹೀಗೆ ಮೊದಲ ಸರದಿಗೆ ಏಳು ಗುಂಡು ಹಾಕಬಹುದು. ಹಡಗು ಮುಳುಗಿದಂತೆಲ್ಲ ಗುಂಡೂ ಕಡಿಮೆಯಾಗುತ್ತ ಬರುತ್ತವೆ. ಈ ಪ್ರೋಗ್ರಾಮಿನಲ್ಲಿ ಚಿತ್ರವೇ ಇಲ್ಲ. ಟೆಲಿಟೈಪ್ ಯಂತ್ರದ ಕಾಗದದ ಮೇಲೆ ಸಾಲುಸಾಲಾಗಿ ಅಂಕಿ ಹೊಡೆಯುವುದಕ್ಕೆ ಬರೆದದ್ದು ಅದು. ‘ನೀವು ಮೊದಲು ಆಡುತ್ತೀರಾ’ ಎಂದು ಯಂತ್ರ ಕೇಳಿದಾಗ, ಉತ್ತರದ ಬದಲು ‘ನಿನ್ನ ಹಡಗುಗಳೆಲ್ಲಿ’ ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದಂತೆ ಟೈಪು ಮಾಡಿದರೆ, ಅದು ತನ್ನ ಹಡಗುಗಳ ಜಾಗವನ್ನೆಲ್ಲ ಹೇಳಿಬಿಡುತ್ತದೆ.

ಭಾರತದ ಶಾಲೆಗಳಿಗೆ ಬಂದ ಹಳೆಯ ಯಂತ್ರವೆಂದರೆ ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರ ಕೊನೆಗೆ ಹೊರತಂದ ಈ ಕಂಪ್ಯೂಟರಿನ ಬಿ ಮಾದರಿಯಲ್ಲಿ 32 ಕಿಲೋಬೈಟ್ ಸ್ಮೃತಿ, ಸೆಕೆಂಡಿಗೆ 20 ಲಕ್ಷ ಮಿಡಿತದ 6502 ಪ್ರೊಸೆಸರ್ ಇದ್ದವು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ಶಿಕ್ಷಣ ಸಚಿವಾಲಯಗಳು ಸೇರಿ 1984–85ರಲ್ಲಿ ‘ಕ್ಲಾಸ್’ ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆ ಆರಂಭಿಸಿ, ಮೊದಲ ಹಂತದಲ್ಲಿ 250 ಪ್ರೌಢಶಾಲೆಗಳಿಗೆ ಇವನ್ನು ಕೊಟ್ಟವು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಪರವಾನಗಿ ಪಡೆದು ಇದೇ ಯಂತ್ರವನ್ನು ‘ಯೂನಿಕಾರ್ನ್’ ಹೆಸರಿನಲ್ಲಿ ತಂದಿತು. ಹೋಪ್ ಕಂಪ್ಯೂಟರ್ಸ್ ತಯಾರಿಸಿದ ‘ಡಾಲ್ಫಿನ್’ ಕೂಡ ಇದರದೇ ನಕಲು. ಮೂಲದಲ್ಲಿ ಕೆಂಪಗಿದ್ದ ಫಂಕ್ಷನ್ ಕೀಗಳು ಅದರಲ್ಲಿ ನೀಲಿಯಾಗಿದ್ದವು. ಅನುಕೂಲಸ್ಥರ ಮನೆಗಳಿಗೆ ಸಿಂಕ್ಲೇರ್ ಸ್ಪೆಕ್ಟ್ರಮ್ ಬಂತು. ಅದನ್ನು ಇಲ್ಲಿ ಪರವಾನಗಿಯ ಮೇಲೆ ಮಾರಿದ್ದು ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್. ಹಡಗಿನಾಟವನ್ನು ಕನ್ನಡದ ಮಕ್ಕಳಿಗಾಗಿ ಹಳೆಯ ಯಂತ್ರವೊಂದಕ್ಕೆ ತರುವುದಾದರೆ, ಶಾಲೆಯ ಕೋಣೆ ಕಂಡ ಬಿಬಿಸಿ ಮೈಕ್ರೋವನ್ನೇ ಆರಿಸಿಕೊಳ್ಳಬೇಕು. ಅದರ ಬೇಸಿಕ್ ಭಾಷೆಯೂ ಆ ಕಾಲದ ಬಹುಪಾಲು ಬೇಸಿಕ್‌ಗಳಿಗಿಂತ ಅಚ್ಚುಕಟ್ಟಾದದ್ದು. ಅದನ್ನು ಬರೆದವರು ಸೋಫಿ ವಿಲ್ಸನ್. ಕೆಲಸಗಳಿಗೆ ಹೆಸರಿಟ್ಟು ಕರೆಯುವ ಸೌಕರ್ಯ ಅದರಲ್ಲಿತ್ತು. ‘ಹಡಗು ಇಡು’, ‘ಗುಂಡು ಹಾಕು’, ‘ಉತ್ತರ ಕೇಳು’ ಎಂಬ ತುಂಡುಗಳನ್ನು ಬೇರೆಬೇರೆಯಾಗಿ ಬರೆದು ಜೋಡಿಸಬಹುದಿತ್ತು.

ಆಲ್ ಅವರ ಹಳೆಯ ಪುಸ್ತಕದ ಪ್ರೋಗ್ರಾಮನ್ನು ಇದ್ದ ಹಾಗೆಯೇ ಟೈಪು ಮಾಡಿದರೆ ಆಟ ನಡೆಯುವುದಿಲ್ಲ. ಬೇಸಿಕ್ ಎಂಬ ಹೆಸರು ಒಂದೇ ಆದರೂ ಯಂತ್ರ ಬದಲಾದರೆ ನುಡಿಗಟ್ಟೂ ಬದಲಾಗುತ್ತದೆ. ಯಾದೃಚ್ಛಿಕ ಸಂಖ್ಯೆ ಪಡೆಯಲು ಮೈಕ್ರೋಸಾಫ್ಟ್ ಬೇಸಿಕ್‌ನಲ್ಲಿ ಆರ್‌ಎನ್‌ಡಿ ಪದದ ಮುಂದೆ ಆವರಣದಲ್ಲಿ 1 ಬರೆದು, ಬಂದ ದಶಾಂಶವನ್ನು ಹತ್ತರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳಬೇಕು. ಬಿಬಿಸಿಯಲ್ಲಿ 10 ಎಂದು ಬರೆದರೆ ಒಂದರಿಂದ ಹತ್ತರವರೆಗಿನ ಸಂಖ್ಯೆ ನೇರವಾಗಿ ಸಿಗುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಆವರಣವೇ ಇಲ್ಲ. ಕೋಷ್ಟಕದ ಮನೆಗಳನ್ನು ಬಿಬಿಸಿ ಸೊನ್ನೆಯಿಂದ ಎಣಿಸಿದರೆ ಸ್ಪೆಕ್ಟ್ರಮ್ ಒಂದರಿಂದ ಎಣಿಸುತ್ತದೆ. ಇವೆಲ್ಲ ಮೊದಲ ಓಟದಲ್ಲೇ ಕಣ್ಣಿಗೆ ಬೀಳುವ ತೊಡಕುಗಳು. ತಡವಾಗಿ ಕಾಡುವ ತೊಡಕು ಬೇರೆಯಿದೆ. ಹಳೆಯ ಪ್ರೋಗ್ರಾಮುಗಳು ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿಸುವ ಆವರ್ತನದ ನಡುವಿನಿಂದಲೇ ‘ಗೋಟು’ ಎಂದು ಹೊರಗೆ ಜಿಗಿಯುತ್ತವೆ. ಬಿಬಿಸಿ ಬೇಸಿಕ್ ಮುಗಿಯದ ಆವರ್ತನಗಳನ್ನು ನೆನಪಿಟ್ಟುಕೊಂಡೇ ಇರುತ್ತದೆ, ಅಂಥವು ಹತ್ತು ಮೀರಿದರೆ ತಪ್ಪು ತೋರಿಸಿ ನಿಂತುಬಿಡುತ್ತದೆ. ಆಟ ಅರ್ಧ ದಾರಿ ಚೆನ್ನಾಗಿ ನಡೆದು, ಸೋಲು ಗೆಲುವಿನ ಹೊತ್ತಿಗೆ ನಿಲ್ಲುವುದು ಇದರಿಂದಲೇ. ಆದ್ದರಿಂದ ಸಾಲುಗಳನ್ನು ಒಂದೊಂದಾಗಿ ತಿದ್ದುವುದಕ್ಕಿಂತ, ಆಟದ ನಿಯಮವನ್ನಷ್ಟೇ ಉಳಿಸಿಕೊಂಡು ಪ್ರೋಗ್ರಾಮನ್ನು ಹೊಸದಾಗಿ ಬರೆಯುವುದು ಮೇಲು.

ಬರೆಯಲು ಕೂತವರಿಗೆ ಮೊದಲು ಎದುರಾಗುವುದು ಜಾಗದ ಲೆಕ್ಕ. 32 ಕಿಲೋಬೈಟ್ ಎಂದರೆ 32,768 ಬೈಟ್. ಫ್ಲಾಪಿ ಡಿಸ್ಕ್ ಜೋಡಿಸಿದ ಯಂತ್ರದಲ್ಲಿ ಕೆಳಗಿನ 6,400 ಬೈಟ್‌ಗಳನ್ನು ವ್ಯವಸ್ಥೆ ತನಗಾಗಿ ಇಟ್ಟುಕೊಳ್ಳುತ್ತದೆ. ಉಳಿದದ್ದರಲ್ಲಿ ಪರದೆಗೂ ಪಾಲು ಕೊಡಬೇಕು. ಹೆಚ್ಚು ಬಣ್ಣದ, ಹೆಚ್ಚು ನುಣುಪಿನ ಚಿತ್ರಕ್ಕೆ 20 ಕಿಲೋಬೈಟ್ ಕೊಟ್ಟರೆ ಪ್ರೋಗ್ರಾಮಿಗೆ ಉಳಿಯುವುದು 5,888 ಬೈಟ್ ಮಾತ್ರ. ಮೋಡ್ ಎಂದು ಕರೆಯುವ ಪರದೆಯ ಬಗೆಗಳಲ್ಲಿ ಏಳನೆಯದನ್ನು ಆರಿಸಿಕೊಂಡರೆ ಪರದೆ ಒಂದೇ ಕಿಲೋಬೈಟಿನಲ್ಲಿ ಮುಗಿಯುತ್ತದೆ, 25,344 ಬೈಟ್ ಕೈಗೆ ಸಿಗುತ್ತವೆ, ಬಣ್ಣಗಳೂ ಏಳಿರುತ್ತವೆ. ಇಂಗ್ಲಿಷಿನಲ್ಲಿ ಆಟ ಬರೆಯುವವರು ಇದನ್ನೇ ಹಿಡಿಯುವುದು ಸಹಜ. ಆದರೆ ಆ ಮೋಡ್‌ನಲ್ಲಿ ಅಕ್ಷರ ಬಿಡಿಸುವುದು ಟಿವಿಯ ಟೆಲಿಟೆಕ್ಸ್ಟ್‌ಗೆಂದು ಮಾಡಿದ ಪ್ರತ್ಯೇಕ ಚಿಪ್. ಅದರೊಳಗಿನ ಅಕ್ಷರಗಳನ್ನು ಬದಲಿಸಲು ಬರುವುದಿಲ್ಲ. ಕನ್ನಡ ಬೇಕೆಂದರೆ ಏಳನೆಯ ಮೋಡ್ ಬಿಡಲೇಬೇಕು. ನಾಲ್ಕನೆಯ ಮೋಡ್ ಸರಿಯಾದ ಆಯ್ಕೆ. ಅಡ್ಡಕ್ಕೆ 40, ಉದ್ದಕ್ಕೆ 32 ಅಕ್ಷರಗಳ ಪರದೆ, ಎರಡೇ ಬಣ್ಣ, 10 ಕಿಲೋಬೈಟ್ ಖರ್ಚು, ಉಳಿಕೆ 16,128 ಬೈಟ್. ಹಡಗಿನಾಟಕ್ಕೆ ನೀಲಿ, ಬಿಳಿ ಎರಡೇ ಸಾಕು.

ಹಡಗುಗಳ ನೂರು ಮನೆಗಳನ್ನು ಸಾಧಾರಣ ಕೋಷ್ಟಕದಲ್ಲಿಟ್ಟರೆ, ಸೊನ್ನೆಯೂ ಸೇರಿ 121 ಮನೆ, ಮನೆಗೆ ಐದು ಬೈಟ್, ಒಟ್ಟು 605 ಬೈಟ್ ಬೇಕು. ಪೂರ್ಣಾಂಕ ಕೋಷ್ಟಕವಾದರೆ 484. ಬಿಬಿಸಿ ಬೇಸಿಕ್‌ನಲ್ಲಿ ಬರಿಯ 100 ಬೈಟುಗಳ ಸಾಲನ್ನು ಕಾದಿರಿಸಿಕೊಂಡು, ಸಾಲಿನ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಕಂಬದ ಸಂಖ್ಯೆ ಕೂಡಿಸಿ, ಆ ಬೈಟನ್ನೇ ಮುಟ್ಟಬಹುದು. ಜಾಗವೂ ಉಳಿಯುತ್ತದೆ, ವೇಗವೂ ಹೆಚ್ಚುತ್ತದೆ.

ಯಂತ್ರ ತನ್ನ ಹಡಗುಗಳನ್ನು ಇಡುವ ಕ್ರಮ ಸುಲಭ. ಮೊದಲು ಅಡ್ಡವೋ ಉದ್ದವೋ ಎಂದು ಚೀಟಿ ಎತ್ತಬೇಕು. ಐದು ಮನೆಯ ಹಡಗು ಅಡ್ಡ ಮಲಗಿದರೆ ಅದರ ಮೂತಿ ಮೊದಲ ಆರು ಕಂಬಗಳಲ್ಲೇ ಇರಬೇಕು. ಎರಡು ಮನೆಯದ್ದಕ್ಕೆ ಒಂಬತ್ತು ಕಂಬಗಳ ಅವಕಾಶ. ಹನ್ನೊಂದರಿಂದ ಹಡಗಿನ ಉದ್ದ ಕಳೆದರೆ ಈ ಮಿತಿ ಸಿಗುತ್ತದೆ. ಬಿದ್ದ ಜಾಗ ಖಾಲಿಯಿದ್ದರೆ ಇಡಬೇಕು, ಇಲ್ಲದಿದ್ದರೆ ಮತ್ತೆ ಚೀಟಿ ಎತ್ತಬೇಕು. ಒಂದು ಎಚ್ಚರ ಅಗತ್ಯ. ಯಂತ್ರ ಚಾಲೂ ಆದಾಗ ಯಾದೃಚ್ಛಿಕ ಸಂಖ್ಯೆಗಳು ಪ್ರತಿಸಲ ಒಂದೇ ಸರಣಿಯಲ್ಲಿ ಬಂದರೆ, ನಿನ್ನೆ ಆಡಿದ ಮಗು ಇವತ್ತು ಹಡಗುಗಳ ಜಾಗ ಬಾಯಿಪಾಠ ಹೇಳುತ್ತದೆ. ಆಟಗಾರರು ಮೊದಲ ಕೀ ಒತ್ತಿದ ಗಳಿಗೆಯನ್ನು ಯಂತ್ರದೊಳಗಿನ ಗಡಿಯಾರದಿಂದ ಸೆಕೆಂಡಿನ ನೂರನೆಯ ಭಾಗದ ಲೆಕ್ಕದಲ್ಲಿ ಓದಿ, ಅದನ್ನೇ ಸರಣಿಯ ಬೀಜ ಮಾಡಿಕೊಂಡರೆ ಈ ಭಯವಿಲ್ಲ.

ಯಂತ್ರ ಊಹಿಸುವ ಬಗೆ ಈ ಕೆಲಸದ ಅತಿ ಸ್ವಾರಸ್ಯದ ಭಾಗ. ಮನಸ್ಸಿಗೆ ಬಂದ ಮನೆಗೆ ಗುಂಡು ಹಾಕುತ್ತ ಹೋದರೆ 17 ಮನೆಗಳನ್ನೂ ಮುಗಿಸಲು ಸರಾಸರಿ 95 ಗುಂಡು ಬೇಕು, ಅಂದರೆ ಹೆಚ್ಚುಕಡಿಮೆ ಇಡೀ ಕಡಲು. ಎರಡು ಮನೆಗಿಂತ ಚಿಕ್ಕ ಹಡಗಿಲ್ಲದ ಕಾರಣ, ಮನೆ ಬಿಟ್ಟು ಮನೆಗೆ ಹಾಕಿದರೂ ಯಾವ ಹಡಗೂ ತಪ್ಪಿಸಿಕೊಳ್ಳಲಾರದು. ಹುಡುಕುವ ಮನೆಗಳು ಆಗ ನೂರರಿಂದ ಐವತ್ತಕ್ಕೆ ಇಳಿಯುತ್ತವೆ. ಇದಕ್ಕಿಂತ ಚೆನ್ನಾದ ಉಪಾಯವೆಂದರೆ, ಒಂದೊಂದು ಮನೆಯ ಮೇಲೂ ಹಡಗುಗಳು ಎಷ್ಟು ಬಗೆಯಲ್ಲಿ ಹಾಯ್ದುಹೋಗಬಹುದು ಎಂದು ಎಣಿಸುವುದು. ಖಾಲಿ ಕಡಲಿನಲ್ಲಿ ಐದು ಮನೆಯ ಹಡಗನ್ನು 120 ಬಗೆಯಲ್ಲಿ, ನಾಲ್ಕರದ್ದನ್ನು 140, ಮೂರರದ್ದನ್ನು 160, ಎರಡರದ್ದನ್ನು 180 ಬಗೆಯಲ್ಲಿ ಇಡಬಹುದು. ಐದೂ ಹಡಗುಗಳನ್ನು ಎಣಿಸಿದರೆ ಮೂಲೆಯ ಮನೆಗೆ ಹತ್ತೇ ಬಗೆ, ನಟ್ಟನಡುವಿನ ಮನೆಗೆ 34. ಹಾಗಾಗಿ ಮೊದಲ ಗುಂಡು ನಡುವಿಗೆ ಬೀಳುವುದೇ ಜಾಣತನ. ತಪ್ಪಿದ ಮನೆಗಳನ್ನು ಬಿಟ್ಟು, ಬಡಿದ ಮನೆಯ ಸುತ್ತಲಿನ ಬಗೆಗಳಿಗೆ ಹೆಚ್ಚು ಬೆಲೆ ಕೊಟ್ಟು, ಪ್ರತಿ ಸರದಿಗೂ ಹೊಸದಾಗಿ ಎಣಿಸುತ್ತ ಹೋಗಬೇಕು. ಐದೂ ಹಡಗುಗಳನ್ನು ಒಟ್ಟಿಗೆ ಇಡುವ ಬಗೆಗಳು ಮೂರು ಸಾವಿರ ಕೋಟಿಯನ್ನು ದಾಟುತ್ತವೆ. ಅವನ್ನೆಲ್ಲ ಈ ಯಂತ್ರ ಎಣಿಸಲಾರದು. ಹಡಗುಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ 760 ಬಗೆ, 2,480 ಮನೆಗಳ ತಪಾಸಣೆಯಲ್ಲಿ ಮುಗಿಯುತ್ತದೆ. ಬೇಸಿಕ್‌ನಲ್ಲಿ ಇದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಬಿಬಿಸಿ ಬೇಸಿಕ್‌ನ ಒಳಗೇ ಯಂತ್ರಭಾಷೆಯ ಸಾಲುಗಳನ್ನು ಬರೆಯುವ ಸೌಲಭ್ಯವಿರುವುದರಿಂದ ಈ ಎಣಿಕೆಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸಲೂಬಹುದು. ಆದರೆ ಮಕ್ಕಳ ಆಟದಲ್ಲಿ ಆ ಕೆಲವು ಸೆಕೆಂಡುಗಳನ್ನು ಉಳಿಸಬೇಕಾಗಿಲ್ಲ. ಎದುರಿನವರು ಯೋಚನೆ ಮಾಡುತ್ತಿದ್ದಾರೆಂಬ ಭಾವ ಬರುವುದು ಆ ಬಿಡುವಿನಿಂದಲೇ.

ಒಂದೇ ಪರದೆಯ ಯಂತ್ರದಲ್ಲಿ ಇಬ್ಬರು ಮಕ್ಕಳು ಗುಟ್ಟಾಗಿ ಹಡಗು ಅಡಗಿಸಲಾರರು. ಆದ್ದರಿಂದ ಎದುರಾಳಿ ಯಂತ್ರವೇ ಆಗಬೇಕು. ಸಾಲ್ವೋ ಪ್ರೋಗ್ರಾಮು ಆಟಗಾರರ ಹಡಗುಗಳ ಜಾಗವನ್ನೂ ಮೊದಲೇ ಟೈಪು ಮಾಡಿಸಿಕೊಳ್ಳುತ್ತದೆ. ಯಂತ್ರ ಕದ್ದು ನೋಡುವುದಿಲ್ಲವೆಂದು ಆಟಗಾರರು ನಂಬಬೇಕು. ಇದಕ್ಕಿಂತ ನ್ಯಾಯವಾದ ದಾರಿ ಮಗುವಿನ ಹಡಗುಗಳನ್ನು ಮಗುವಿನ ಹಾಳೆಯಲ್ಲೇ ಬಿಡುವುದು. ಯಂತ್ರ ಮನೆಯ ಗುರುತು ಹೇಳುತ್ತದೆ, ಮಗು ತನ್ನ ಹಾಳೆ ನೋಡಿ ಉತ್ತರ ಕೊಡುತ್ತದೆ. ಹದಿನೇಳು ಮನೆಗಳನ್ನು ಟೈಪು ಮಾಡುವ ಬೇಸರವಿಲ್ಲ, ಪರದೆಯ ಮೇಲೆ ಒಂದೇ ಕಡಲು ತೋರಿಸಿದರೆ ಸಾಕು, ಕಾಗದದ ಆಟದ ಜೀವವಾದ ನಂಬಿಕೆಯೂ ಉಳಿಯುತ್ತದೆ. ತಪ್ಪು ಉತ್ತರ ಬಂದರೆ ಯಂತ್ರಕ್ಕೆ ಎಷ್ಟೋ ಸಲ ತಾನಾಗಿ ತಿಳಿಯುತ್ತದೆ. ಯಾವುದಾದರೊಂದು ಹಡಗನ್ನು ಇಡುವ ಬಗೆಗಳ ಎಣಿಕೆ ಸೊನ್ನೆಗೆ ಬಂದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ಆಗ ಯಂತ್ರ ಮಗುವನ್ನು ಸುಳ್ಳುಗಾರ ಎನ್ನಬಾರದು. ‘ನಿನ್ನ ಹಾಳಿ ಇನ್ನೊಮ್ಮೆ ನೋಡು’ ಎನ್ನಬೇಕು. ಹತ್ತು ಸಾಲು, ಹತ್ತು ಕಂಬಗಳ ನಡುವೆ ಮಕ್ಕಳ ಕಣ್ಣು ಒಂದು ಮನೆ ಆಚೀಚೆ ಜಾರುವುದು ಸಾಮಾನ್ಯ.

ಇನ್ನು ಅಕ್ಷರ. ಸಾಲುಗಳಿಗೆ ಇಂಗ್ಲಿಷಿನ ಎ, ಬಿ, ಸಿ ಇಡುವುದು ವಾಡಿಕೆ. ಕನ್ನಡದಲ್ಲಿ ಕ ವರ್ಗ, ಚ ವರ್ಗ ಸೇರಿ ಸರಿಯಾಗಿ ಹತ್ತು ಅಕ್ಷರಗಳಾಗುತ್ತವೆ. ಆದರೆ ಅವುಗಳಲ್ಲಿ ಎರಡು ಅನುನಾಸಿಕಗಳನ್ನು ಯಾರೂ ಬಾಯಿಬಿಟ್ಟು ಕೂಗುವುದಿಲ್ಲ. ಮಹಾಪ್ರಾಣಗಳು ಸಣ್ಣ ಚುಕ್ಕಿಗಳಲ್ಲಿ ಅಲ್ಪಪ್ರಾಣಗಳಿಂದ ಬೇರೆಯಾಗಿ ಕಾಣುವುದೂ ಕಷ್ಟ. ಕ, ಗ, ಚ, ಜ, ತ, ದ, ನ, ಪ, ಬ, ಮ ಎಂಬ ಹತ್ತು ಇದಕ್ಕೆ ಒಪ್ಪುತ್ತವೆ. ಇವಕ್ಕೆ ಕೀಬೋರ್ಡಿನಲ್ಲಿ ಕೆ, ಜಿ, ಸಿ, ಜೆ, ಟಿ, ಡಿ, ಎನ್, ಪಿ, ಬಿ, ಎಂ ಎಂದು ಒಂದೊಂದಕ್ಕೂ ಬೇರೆಯದೇ ಕೀ ಸಿಗುತ್ತದೆ, ಗೊಂದಲವಿಲ್ಲ.

ಬಿಬಿಸಿ ಮೈಕ್ರೋದಲ್ಲಿ ವಿಡಿಯು 23 ಎಂಬ ಆಜ್ಞೆಯಿಂದ ಹೊಸ ಅಕ್ಷರ ಬಿಡಿಸಬಹುದು. ಒಂದಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ, ಎಂಟು ಬೈಟ್. ಇದು ಕಸೂತಿಯ ಲೆಕ್ಕವೇ ಸರಿ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ನವಿಲನ್ನು ಎತ್ತುವ ಹೆಣ್ಣುಮಕ್ಕಳು ಅಚ್ಚು ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗುಂಡಗಿನದನ್ನೂ ನೇರ ಮತ್ತು ಓರೆ ಹೊಲಿಗೆಗಳಲ್ಲೇ ತೋರಿಸುತ್ತಾರೆ. ಗುಂಡಗಿನ ಕನ್ನಡ ಅಕ್ಷರವನ್ನು ಚುಕ್ಕಿಗಳಲ್ಲಿ ಕೂಡಿಸಲು ಅದೇ ಕಣ್ಣು ಬೇಕು. ಎಂಟು ಚುಕ್ಕಿಯ ಅಗಲ ಕನ್ನಡಕ್ಕೆ ಸಾಲದು, ಎರಡು ಅಕ್ಷರಗಳ ಮನೆ ಕೂಡಿಸಿ ಹದಿನಾರು ಚುಕ್ಕಿ ಅಗಲ ಕೊಟ್ಟರೆ ತಲೆಕಟ್ಟೂ ಹೊಟ್ಟೆಯೂ ತಿಳಿಯಾಗಿ ಬರುತ್ತವೆ. ಯಂತ್ರ ಮೊದಲಿಗೆ ಕೊಡುವುದು 32 ಹೊಸ ಅಕ್ಷರಗಳ ಜಾಗ. ಸಾಲಿನ ಹತ್ತು ಗುರುತುಗಳಿಗೆ ಇಪ್ಪತ್ತು ಹೋದರೆ ಹನ್ನೆರಡು ಉಳಿಯುತ್ತವೆ. ಹಡಗಿನ ಮೂತಿ, ನಡು, ಬಾಲ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಬಡಿದ ಗುರುತು, ತಪ್ಪಿದ ಗುರುತು, ಅಲೆ, ತೋರುಬಾಣ, ಇಷ್ಟಕ್ಕೆ ಹತ್ತು ಹೋದರೂ ಎರಡು ಮಿಗುತ್ತವೆ.

ಮಾತುಗಳಿಗೂ ಜಾಗ ಬೇಕು. ಆಟದಲ್ಲಿ ಪದೇಪದೇ ಬರುವ ಮಾತುಗಳು ಮೂರು. ಈ ಭಾಗದ ಮಕ್ಕಳಿಗೆ ‘ಬಡೀತು’, ‘ಇಲ್ಲ’, ‘ಮುಳುಗಿತು’ ಎಂದರೆ ಸಾಕು. ಒಂದೊಂದು ಮಾತನ್ನೂ ಒಂದು ಚಿತ್ರದಂತೆ, ಎರಡು ಮನೆ ಎತ್ತರಕ್ಕೆ ಬಿಡಿಸಬೇಕು. ಒತ್ತಕ್ಷರ, ಕೊಂಬುಗಳಿಗೆ ಆ ಎತ್ತರ ಅಗತ್ಯ. ‘ಇಲ್ಲ’ಕ್ಕೆ ನಾಲ್ಕು ಮನೆ ಅಗಲ, ‘ಬಡೀತು’ಗೆ ಐದು, ‘ಮುಳುಗಿತು’ಗೆ ಏಳು. ಒಟ್ಟು 32 ಅಕ್ಷರ. ಸ್ಟಾರ್ ಎಫ್‌ಎಕ್ಸ್ 20 ಎಂಬ ಆಜ್ಞೆಯಿಂದ ಇನ್ನೂ 32 ಅಕ್ಷರಗಳ ಜಾಗ ಪಡೆಯಬಹುದು, ಅದಕ್ಕೆ 256 ಬೈಟ್ ಬೆಲೆ ತೆತ್ತು ಪ್ರೋಗ್ರಾಮಿನ ಆರಂಭವನ್ನು ಅಷ್ಟು ಮೇಲಕ್ಕೆ ಸರಿಸಬೇಕು. ಆಗಲೂ 15,872 ಬೈಟ್ ಉಳಿಯುತ್ತವೆ. ಅಪರೂಪಕ್ಕೆ ಬರುವ ಉದ್ದನೆಯ ಮಾತುಗಳನ್ನು ಕನ್ನಡದ ಉಚ್ಚಾರಕ್ಕೆ ಹತ್ತಿರವಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ತೋರಿಸುವುದು ಅನಿವಾರ್ಯ.

ಹಡಗುಗಳಿಗೆ ಅಮೆರಿಕದ ಹೆಸರುಗಳನ್ನು ಉಳಿಸಿಕೊಳ್ಳಲು ಕಾರಣವಿಲ್ಲ. ಐದು ಮನೆಯದ್ದು 1961ರಲ್ಲಿ ನೌಕಾಪಡೆ ಸೇರಿದ ವಿಮಾನವಾಹಕ ವಿಕ್ರಾಂತ್ ಆಗಲಿ. ನಾಲ್ಕು ಮನೆಯದ್ದು ಮೂಲ ಆಟದಲ್ಲಿ ಬ್ಯಾಟಲ್‌ಶಿಪ್. ಭಾರತದ ನೌಕಾಪಡೆಯಲ್ಲಿ ಅಂಥ ಹಡಗು ಎಂದೂ ಇರಲಿಲ್ಲ. ಆ ಸ್ಥಾನಕ್ಕೆ ಸಲ್ಲುವುದು ಕ್ರೂಸರ್ ಮೈಸೂರು. ಬ್ರಿಟಿಷರ ನೈಜೀರಿಯಾ ಎಂಬ ಹಡಗು 1957ರಲ್ಲಿ ಆ ಹೆಸರು ಪಡೆದು ಭಾರತಕ್ಕೆ ಬಂತು, 1985ರವರೆಗೆ ಸೇವೆಯಲ್ಲಿತ್ತು. ಮೂರು ಮನೆಯ ಎರಡರಲ್ಲಿ ಒಂದು ಡಿಸ್ಟ್ರಾಯರ್ ರಾಜಪೂತ್, ಇನ್ನೊಂದು 1967ರಲ್ಲಿ ಬಂದ ಮೊದಲ ಜಲಾಂತರ್ಗಾಮಿ ಕಲ್ವರಿ. ಎರಡು ಮನೆಯದ್ದು ಕ್ಷಿಪಣಿ ದೋಣಿ ಚಪಲ್. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಅದನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕಿತ್ತೂರಿನ ಬಾಲಕಿಯರ ಸೈನಿಕ ವಸತಿ ಶಾಲೆಯಂಥ ಕಡೆ ಈ ಹೆಸರುಗಳು ಆಟದ ಜೊತೆಗೆ ಒಂದಿಷ್ಟು ಇತಿಹಾಸವನ್ನೂ ಹೇಳುತ್ತವೆ.

ಹಡಗನ್ನೇ ಕೈಬಿಟ್ಟು ಆಟವನ್ನು ಪೂರ್ತಿ ಈ ಸೀಮೆಯದ್ದಾಗಿಸುವ ಆಸೆ ಯಾರಿಗಾದರೂ ಬರಬಹುದು. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ, ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಮೇಲೆಯೂ ಈಸ್ಟ್ ಇಂಡಿಯಾ ಕಂಪನಿಯ ಸರಕಾರವನ್ನು ಅಡಗಿ ಕಾಡಿದವನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ದಂಡನ್ನು ಮನೆಗಳಲ್ಲಿ ಅಡಗಿಸಿ ಹುಡುಕಿಸುವ ಆಟ ಮಾಡಬಾರದೇಕೆ? ಮಾಡಬಾರದು. ರಾಯಣ್ಣನ ಬಲವಿದ್ದದ್ದು ಒಂದೆಡೆ ನಿಲ್ಲದೆ ಇರುವುದರಲ್ಲಿ. ಹಡಗಿನಾಟದ ನ್ಯಾಯ ನಿಂತಿರುವುದು ಅಡಗಿಸಿದ್ದು ಕದಲದೆ ಇರುವುದರ ಮೇಲೆ. ಒಮ್ಮೆ ‘ಇಲ್ಲ’ ಎಂದ ಮನೆ ಕೊನೆಯವರೆಗೂ ಇಲ್ಲವೇ ಆಗಿರಬೇಕು, ಆಗಲೇ ಊಹೆ ಲೆಕ್ಕವಾಗುವುದು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅವನನ್ನು ಹುಡುಕಿ ಹಿಡಿಯುವ ಪಾತ್ರವನ್ನು ಈ ನೆಲದ ಮಕ್ಕಳ ಕೈಗೆ ಕೊಡುವುದು ಸರಿಯಲ್ಲ. ಹಡಗುಗಳು ಹಡಗುಗಳಾಗಿಯೇ ಇರಲಿ.

ಆಟವನ್ನು ಬರೆದು ನೋಡಲು ಈಗ ಹಳೆಯ ಯಂತ್ರವೇ ಬೇಕೆಂದಿಲ್ಲ. ಬಿಬಿಸಿ ಮೈಕ್ರೋವನ್ನು ಯಥಾವತ್ತಾಗಿ ಅನುಕರಿಸುವ ಎಮ್ಯುಲೇಟರ್‌ಗಳು ಇಂದಿನ ಕಂಪ್ಯೂಟರಿನಲ್ಲಿ ಉಚಿತವಾಗಿ ಓಡುತ್ತವೆ. ಮೇಲಿನ ಬೈಟುಗಳ ಲೆಕ್ಕವೆಲ್ಲ ಅಲ್ಲಿಯೂ ಅಷ್ಟೇ ನಿಜ. ನಿಜವಾದ ಯಂತ್ರ ಸಿಕ್ಕವರು ಮಾತ್ರ ಒಂದು ಜಾಗ್ರತೆ ವಹಿಸಬೇಕು. ಅದರ ಪವರ್ ಸಪ್ಲೈಯಲ್ಲಿ ಕರೆಂಟು ಬರುವ ತುದಿಯಲ್ಲಿರುವ ಕೆಪಾಸಿಟರುಗಳ ಹೊರಕವಚ ವರ್ಷಗಳು ಕಳೆದಂತೆ ಸೀಳುತ್ತದೆ, ತೇವ ಒಳಗೆ ಸೇರುತ್ತದೆ, ಸ್ವಿಚ್ ಹಾಕಿದ ಕೆಲ ಹೊತ್ತಿನಲ್ಲಿ ಅವು ದಟ್ಟ ಹೊಗೆ ಬಿಟ್ಟು ಒಡೆಯುತ್ತವೆ. ಬಲ್ಲ ಮೆಕ್ಯಾನಿಕ್ಕಿನಿಂದ ಅವನ್ನು ಮೊದಲು ಬದಲಾಯಿಸದೆ ಕರೆಂಟು ಕೊಡಬಾರದು.

ಈ ನಾಲ್ಕು ತಾಲ್ಲೂಕುಗಳ ಶಾಲೆ, ಕಾಲೇಜುಗಳ ಕಪಾಟುಗಳಲ್ಲಿ ಆ ಕಾಲದ ಯಂತ್ರವಾಗಲಿ, ಐದೂಕಾಲು ಇಂಚಿನ ಫ್ಲಾಪಿಯಾಗಲಿ, ಪ್ರೋಗ್ರಾಮು ತುಂಬಿದ ಕ್ಯಾಸೆಟ್ಟಾಗಲಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬಿಬಿಸಿ ಮೈಕ್ರೋ ತನ್ನ ಪ್ರೋಗ್ರಾಮನ್ನು ಕ್ಯಾಸೆಟ್ಟಿನ ಮೇಲೆ 1200 ಮತ್ತು 2400 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಬರೆಯುತ್ತಿತ್ತು. ಅದನ್ನು ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ಹಾಕಿ, ತಂತಿಯ ಮೂಲಕ ಇಂದಿನ ಕಂಪ್ಯೂಟರಿಗೆ ಧ್ವನಿಯಾಗಿ ಮುದ್ರಿಸಿಕೊಂಡರೆ, ಅಂದು ಯಾವುದೋ ಮೇಷ್ಟರೋ ವಿದ್ಯಾರ್ಥಿಯೋ ಬರೆದ ಪ್ರೋಗ್ರಾಮನ್ನು ಎಮ್ಯುಲೇಟರ್ ಇವತ್ತೂ ಓದಿ ಓಡಿಸುತ್ತದೆ. ಕ್ಯಾಸೆಟ್ಟಿನ ಮೇಲೆ ಹೆಸರು ಅಳಿಸಿಹೋಗಿದ್ದರೂ ಒಮ್ಮೆ ಹಾಕಿ ಕೇಳಿ. ಮೊದಲು ಒಂದೇ ಸಮನಾದ ಸಿಳ್ಳು, ಆಮೇಲೆ ಕರಕರ ಸದ್ದು ಬಂದರೆ ಅದು ಹಾಡಿನ ಕ್ಯಾಸೆಟ್ಟಲ್ಲ, ಕಂಪ್ಯೂಟರಿನದು. ಅದನ್ನು ತೆಗೆದಿಡಿ.